ಡೆವಿಲ್ಸ್ ಹೋಲ್ ಪಪ್‌ಫಿಶ್: ಒಂದೇ ಹೊಂಡದಲ್ಲಿ ಉಳಿದ ಮೀನಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ನೆವಾಡಾ ಮರುಭೂಮಿಯಲ್ಲಿ, ಒಂದು ಬೋಳು ಗುಡ್ಡದ ಬುಡದಲ್ಲಿ, ಬಂಡೆ ಸೀಳಿದ ಹಾಗೊಂದು ಬಿರುಕಿದೆ. ಬಿರುಕಿನ ತಳದಲ್ಲಿ ಬೆಚ್ಚಗಿನ ನೀರು. ಆ ನೀರಿನಲ್ಲಿ ಕಿರುಬೆರಳಿನ ಅರ್ಧದಷ್ಟೂ ಇಲ್ಲದ ಒಂದು ಮೀನು. ಆ ಜಾತಿಗೆ ಇಡೀ ಭೂಮಿಯ ಮೇಲೆ ಇರುವ ಸ್ವಂತ ಮನೆ ಅದೊಂದೇ. 2025ರ ವಸಂತದಲ್ಲಿ ಎಣಿಸಿದಾಗ ಸಿಕ್ಕಿದ್ದು 38 ಮೀನು. ಶಾಲೆಯ ಒಂದು ಕ್ಲಾಸಿನಲ್ಲಿ ಹಾಜರಿ ಕೂಗಿದರೆ ಅಷ್ಟು ಹೆಸರು ಬರುತ್ತವೆ.

ಈ ಮೀನಿನ ವಿಷಯ ಯಾರಿಗೆ ಹೇಳಿದರೂ ಸುತ್ತಿ ಬಳಸಿ ಅವೇ ಪ್ರಶ್ನೆಗಳು ಬರುತ್ತವೆ. ಅವನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಕೆಲವಕ್ಕೆ ನಾಲ್ಕು ಸಾಲು ಸಾಕು. ನೀರಿನ ಜಗಳದ ಕಥೆಗೆ ಮಾತ್ರ ಸ್ವಲ್ಪ ಪುರುಸೊತ್ತು ಮಾಡಿಕೊಳ್ಳಿ.

ನೋಡಲು ಹೇಗಿರುತ್ತದೆ ಈ ಮೀನು?

ಉದ್ದ ಒಂದು ಇಂಚಿನ ಆಸುಪಾಸು. ಗಂಡು ಮೀನು ಹೊಳೆಯುವ ನೀಲಿ. ಬೆಳಕು ಬಿದ್ದ ಕಡೆ ಅದು ತಿರುಗಿದರೆ ಮೈಮೇಲೆ ನೀಲಿ ಮಿಂಚು ಹರಿದ ಹಾಗೆ ಕಾಣುತ್ತದೆ. ಹೆಣ್ಣು ಮಾಸಲು ಹಳದಿ ಕಂದು. ಮೈಗೆ ಹೋಲಿಸಿದರೆ ತಲೆ ಸ್ವಲ್ಪ ದೊಡ್ಡದು ಅನಿಸುತ್ತದೆ, ಕಣ್ಣು ಕೂಡ ಹಾಗೆಯೇ. ಹಾಗಾಗಿ ದೊಡ್ಡ ಮೀನಾದರೂ ಮರಿಯಂತೆ ಕಾಣುತ್ತದೆ.

ಇದರ ಹತ್ತಿರದ ಬಂಧುಗಳಿಗೆಲ್ಲ ಹೊಟ್ಟೆಯ ಕೆಳಗೆ ಒಂದು ಜೊತೆ ರೆಕ್ಕೆ ಇರುತ್ತದೆ. ಇದಕ್ಕಿಲ್ಲ. ಆಯಸ್ಸು ಸುಮಾರು ಒಂದು ವರ್ಷ, ಅಷ್ಟೇ. ಅಂದರೆ ಈ ವರ್ಷ ಎಣಿಸಿದ ಮೀನುಗಳಲ್ಲಿ ಮುಂದಿನ ವರ್ಷಕ್ಕೆ ಉಳಿಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಒಂದು ವರ್ಷ ಮೊಟ್ಟೆಗಳು ಕೈಕೊಟ್ಟರೆ ಕಥೆ ಮುಗಿದ ಹಾಗೆ.

ಪಪ್‌ಫಿಶ್ ಅಂದರೆ ನಾಯಿಮರಿ ಮೀನು ಅಂತ ಅರ್ಥ ಅಲ್ವಾ? ಯಾಕೆ ಹಾಗೆ?

ಹೌದು. ಈ ಗುಂಪಿನ ಮೀನುಗಳು ಒಂದರ ಹಿಂದೆ ಒಂದು ಓಡಿ, ಮೂತಿ ತಾಗಿಸಿ, ಸುತ್ತು ಹಾಕುವುದನ್ನು ನೋಡಿ ಮೀನು ತಜ್ಞ ಕಾರ್ಲ್ ಹಬ್ಸ್ ಇಟ್ಟ ಹೆಸರು ಅದು. ನಾಯಿಮರಿಗಳು ಆಡುತ್ತಿರುವ ಹಾಗೆ ಕಂಡಿತಂತೆ. ನಿಜದಲ್ಲಿ ಅದು ಆಟವಲ್ಲ, ಗಂಡುಗಳು ತಮ್ಮ ಜಾಗ ಕಾಯುವ ಜಗಳ. ಡೆವಿಲ್ಸ್ ಹೋಲ್ ಮೀನು ಮಾತ್ರ ಈ ಜಗಳದಲ್ಲಿ ಬಂಧುಗಳಷ್ಟು ಜೋರಿಲ್ಲ, ಸಾಧು.

ವಿಜ್ಞಾನದ ಹೆಸರು ಸಿಪ್ರಿನೋಡಾನ್ ಡಯಾಬೋಲಿಸ್. 1930ರಲ್ಲಿ ಜೋಸೆಫ್ ವೇಲ್ಸ್ ಇದನ್ನು ಬೇರೆ ಜಾತಿ ಎಂದು ವಿವರಿಸಿದರು. ಹೊಂಡದ ಹೆಸರಿನಲ್ಲಿ ದೆವ್ವ ಇದ್ದದ್ದಕ್ಕೆ ಮೀನಿನ ಹೆಸರಿಗೂ ದೆವ್ವ ಬಂತು. ಒಂದಿಂಚಿನ ಸಾಧುಪ್ರಾಣಿಗೆ ಈ ಹೆಸರು ಸ್ವಲ್ಪ ಜಾಸ್ತಿಯಾಯಿತು.

ಡೆವಿಲ್ಸ್ ಹೋಲ್ ಕೆರೆಯೋ, ಬಾವಿಯೋ, ಗುಹೆಯೋ?

ಮೂರೂ ಸ್ವಲ್ಪ ಸ್ವಲ್ಪ. ನೆಲದೊಳಗೆ ನೀರು ತುಂಬಿದ ಉದ್ದನೆಯ ಗುಹೆ ಇದೆ. ಅದರ ಚಾವಣಿ ಒಂದು ಕಡೆ ಕುಸಿದು ಆಕಾಶಕ್ಕೆ ಬಾಯಿ ತೆರೆದಿದೆ. ಆ ಬಾಯಿಯೇ ಡೆವಿಲ್ಸ್ ಹೋಲ್. ಇದು ನೆವಾಡಾದ ನೈ ಕೌಂಟಿಯಲ್ಲಿ, ಆಶ್ ಮೆಡೋಸ್ ಎಂಬ ಊಟೆಗಳ ಪ್ರದೇಶದಲ್ಲಿದೆ. ಆಡಳಿತ ಮಾತ್ರ ಪಕ್ಕದ ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನದ್ದು. 1952ರಲ್ಲಿ ಅಧ್ಯಕ್ಷ ಟ್ರೂಮನ್ ಹೊಂಡದ ಸುತ್ತಲಿನ 40 ಎಕರೆಯನ್ನು ಉದ್ಯಾನಕ್ಕೆ ಸೇರಿಸಿದರು. ನಕ್ಷೆಯಲ್ಲಿ ನೋಡಿದರೆ ದೊಡ್ಡ ಜಮೀನಿನಿಂದ ದೂರದಲ್ಲಿ ಉಳಿದ ತುಂಡು ಹೊಲದ ಹಾಗಿದೆ.

ನೀರಿನ ಮೇಲ್ಮೈ ಕಿರಿದು, ಉದ್ದ. ಆಳ ಎಷ್ಟು ಅಂತ ಕೇಳಿದರೆ ತಳ ಕಂಡವರೇ ಇಲ್ಲ. ಮುಳುಗುಗಾರರು 400 ಅಡಿಗಿಂತ ಕೆಳಗೆ ಹೋಗಿ ಬಂದಿದ್ದಾರೆ. ಅಲ್ಲಿಂದ ಕೆಳಗೂ ಗುಹೆ ಹೋಗುತ್ತಲೇ ಇತ್ತು. 1965ರಲ್ಲಿ ಇಲ್ಲಿ ಮುಳುಗಿದ ಇಬ್ಬರು ಯುವಕರು ವಾಪಸ್ ಬರಲಿಲ್ಲ. ಅವರ ದೇಹ ಇಂದಿಗೂ ಸಿಕ್ಕಿಲ್ಲ.

ಗೋಡೆಗಳ ಮೇಲೆ ನೀರು ಪದರ ಪದರವಾಗಿ ಬಿಟ್ಟುಹೋದ ಸುಣ್ಣದ ಹರಳು ಇದೆ. ಅದನ್ನು ಕೊರೆದು ತೆಗೆದು, ವಿಜ್ಞಾನಿಗಳು 5 ಲಕ್ಷಕ್ಕೂ ಹೆಚ್ಚು ವರ್ಷಗಳ ಹವಾಮಾನದ ಏರಿಳಿತ ಓದಿದ್ದಾರೆ. ಮೀನು ಇಲ್ಲದಿದ್ದರೂ ಈ ಹೊಂಡ ಪುಸ್ತಕಗಳಲ್ಲಿ ಬರುತ್ತಿತ್ತು.

ಅಷ್ಟು ಆಳ ನೀರಿದ್ದರೂ ಮೀನಿಗೆ ಜಾಗ ಕಡಿಮೆ ಅಂತಾರಲ್ಲ?

ಇಲ್ಲಿದೆ ಇಡೀ ಕಥೆಯ ಕೀಲಿ. ಆಳದ ನೀರು ಮೀನಿಗೆ ಅಷ್ಟೇನೂ ಉಪಯೋಗಕ್ಕಿಲ್ಲ. ಕತ್ತಲು, ಊಟ ಇಲ್ಲ. ಮೀನುಗಳು ಸುಮಾರು 80 ಅಡಿಯವರೆಗೆ ಓಡಾಡುತ್ತವೆ, ನಿಜ. ಆದರೆ ತಿನ್ನುವುದು, ಮೊಟ್ಟೆ ಇಡುವುದು ಬಹುಪಾಲು ಒಂದೇ ಕಡೆ. ಹೊಂಡದ ಒಂದು ತುದಿಯಲ್ಲಿ ನೀರಿನಡಿ ಕಲ್ಲಿನ ಚಪ್ಪಡಿಯೊಂದು ಹಾಸಿದ ಹಾಗೆ ನಿಂತಿದೆ. ಸುಮಾರು 11 ಅಡಿಗೆ 16 ಅಡಿ. ಮೇಲೆ ನಿಂತ ನೀರು ಮೊಣಕಾಲಿನ ಆಳವೂ ಇಲ್ಲ. ನಾನು ಇದನ್ನು ಜಗಲಿ ಅಂತ ಕರೆಯುತ್ತೇನೆ. ನೋಡಿದವರು ಒಪ್ಪುತ್ತೀರಿ: ಒಳಗೆ ಕತ್ತಲ ಮನೆ, ಹೊರಗೆ ಬೆಳಕು ಬೀಳುವ ಜಗಲಿ.

ಆ ಜಗಲಿ ಒಂದು ಸಾಧಾರಣ ಕೋಣೆಯಷ್ಟು. ಬೆನ್ನೆಲುಬಿರುವ ಇನ್ಯಾವ ಪ್ರಾಣಿಯೂ ಇಷ್ಟು ಚಿಕ್ಕ ನೆಲೆಯಲ್ಲಿ ಬದುಕುತ್ತಿರುವುದು ಗೊತ್ತಿಲ್ಲ. ಮುಂದೆ ಬರುವ ಕೋರ್ಟು, ಭೂಕಂಪ, ಪ್ರವಾಹ, ಎಲ್ಲವೂ ಕೊನೆಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ: ಜಗಲಿಗೆ ಏನಾಯಿತು?

ನೀರು ಬಿಸಿ ಅಂತಾರೆ. ಎಷ್ಟು ಬಿಸಿ?

ವರ್ಷವಿಡೀ ಸುಮಾರು 33 ರಿಂದ 34 ಡಿಗ್ರಿ ಸೆಲ್ಸಿಯಸ್. ಕೈ ಇಟ್ಟರೆ ಹಿತವಾಗಿರುತ್ತದೆ. ಮೀನಿಗೆ ಹಾಗಲ್ಲ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಇಲ್ಲಂತೂ ಬೇರೆ ಬಹುಪಾಲು ಮೀನುಗಳು ಉಸಿರುಗಟ್ಟಿ ಸಾಯುವಷ್ಟು ಕಡಿಮೆ. ಮೊಟ್ಟೆ ಒಡೆದು ಮರಿಯಾಗುವುದಕ್ಕೂ ಈ ಬಿಸಿ ಮೇಲ್ಮಿತಿಗೆ ಹತ್ತಿರ. ಇನ್ನು ಒಂದೆರಡು ಡಿಗ್ರಿ ಏರಿದರೆ ಕಷ್ಟ.

ಲಾಸ್ ವೇಗಸ್‌ನ ವಿಶ್ವವಿದ್ಯಾಲಯದ ಸಂಶೋಧಕರು ಮರುಭೂಮಿಯ ಪಪ್‌ಫಿಶ್‌ಗಳಲ್ಲಿ ಒಂದು ವಿಚಿತ್ರ ಕಂಡರು. ಬಿಸಿ ನೀರಿಗೆ ಹೊಂದಿಕೊಂಡ ಮೀನು ಕೆಲವೊಮ್ಮೆ ಆಮ್ಲಜನಕ ಬಳಸುವುದನ್ನೇ ನಿಲ್ಲಿಸುತ್ತದೆ, ಎರಡು ಗಂಟೆಗೂ ಜಾಸ್ತಿ ಹೊತ್ತು. ಆ ಹೊತ್ತಿನಲ್ಲಿ ಅದರ ಮೈಯಲ್ಲಿ ಆಲ್ಕೋಹಾಲ್ ತಯಾರಾಗುತ್ತದೆ. ಸುಮ್ನೆ ತಮಾಷೆಗೆ ಹೇಳುತ್ತಿಲ್ಲ, ಹಿಟ್ಟು ಹುದುಗಿದಾಗ ನಡೆಯುವ ಕೆಲಸಕ್ಕೆ ಹತ್ತಿರದ್ದು.

ಏನು ತಿನ್ನುತ್ತದೆ?

ಮುಖ್ಯವಾಗಿ ಜಗಲಿಯ ಮೇಲೆ ಬೆಳೆಯುವ ಪಾಚಿ, ಜೊತೆಗೆ ಅದರಲ್ಲಿರುವ ಚಿಕ್ಕಪುಟ್ಟ ಜೀವಿಗಳು. ಪಾಚಿಗೆ ಬಿಸಿಲು ಬೇಕು. ಹೊಂಡ ಆಳವಾದ ಸೀಳಿನ ಬುಡದಲ್ಲಿರುವುದರಿಂದ ಬೇಸಿಗೆಯಲ್ಲೂ ದಿನಕ್ಕೆ ಕೆಲವೇ ಗಂಟೆ ನೇರ ಬಿಸಿಲು. ನಡುಚಳಿಗಾಲದಲ್ಲಿ ಅದೂ ಇಲ್ಲ. ಅದಕ್ಕೇ ಮೀನಿನ ಸಂಖ್ಯೆ ಪ್ರತಿ ವರ್ಷ ಬೇಸಿಗೆ ಕಳೆಯುವಾಗ ಏರಿ, ಚಳಿಗಾಲ ಕಳೆಯುವಾಗ ಇಳಿದಿರುತ್ತದೆ. ಅದು ಸಹಜ. ಹಾಗಾಗಿ ವಸಂತದ ಎಣಿಕೆಯನ್ನು ವಸಂತದ್ದರ ಜೊತೆ ಮಾತ್ರ ಹೋಲಿಸಬೇಕು.

ಬಿರುಕಿನಲ್ಲಿ ಗೂಬೆಗಳೂ ಕೂರುತ್ತವೆ. ಅವುಗಳ ಹಿಕ್ಕೆ, ಅವು ಕಕ್ಕಿದ ಉಂಡೆಗಳು ನೀರಿಗೆ ಬಿದ್ದು ಗೊಬ್ಬರವಾಗುತ್ತವೆ. ಮೀನಿನ ಸಂಖ್ಯೆ ಕುಸಿದ ಮೇಲೆ ಉದ್ಯಾನದವರು ಹೊರಗಿನಿಂದಲೂ ಸ್ವಲ್ಪ ಆಹಾರ ಹಾಕುತ್ತಾ ಬಂದಿದ್ದಾರೆ.

ಮರುಭೂಮಿಯ ನಡುವಿನ ಹೊಂಡಕ್ಕೆ ಮೀನು ಬಂದದ್ದಾದರೂ ಹೇಗೆ?

ಹಿಮಯುಗದಲ್ಲಿ ಈ ಪ್ರದೇಶದಲ್ಲಿ ದೊಡ್ಡ ಕೆರೆಗಳು, ಹರಿಯುವ ನದಿಗಳು ಇದ್ದವು. ಅವು ಬತ್ತಿದಾಗ ಮೀನುಗಳು ಅಲ್ಲಲ್ಲಿ ಉಳಿದ ಊಟೆಗಳಲ್ಲಿ ಸಿಕ್ಕಿಕೊಂಡವು ಅನ್ನುವುದು ಹಳೆಯ ವಿವರಣೆ. ಹಾಗಾದರೆ ಇವು ಇಲ್ಲಿ ಬೇರೆಯಾಗಿ 10,000 ದಿಂದ 20,000 ವರ್ಷ ಆಗಿರಬೇಕು.

ಆಮೇಲೆ ಜೀನ್ ಓದುವವರು ಬಂದರು, ಜಗಳ ಶುರುವಾಯಿತು. ಒಂದು ತಂಡ 60,000 ವರ್ಷ ಅಂದಿತು. ಹೊಂಡದ ಬಾಯಿ ತೆರೆದದ್ದೂ ಸುಮಾರು ಆಗಲೇ. ಇನ್ನೊಂದು ತಂಡ ಸಾವಿರ ವರ್ಷವೂ ಆಗಿಲ್ಲ, ಕೆಲವು ನೂರು ವರ್ಷ ಇರಬಹುದು ಅಂದಿತು. ಅದು ನಿಜವಾದರೆ ಮೀನು ಅಥವಾ ಅದರ ಮೊಟ್ಟೆ ಪಕ್ಕದ ಊಟೆಯಿಂದ ಹಕ್ಕಿಯ ಕಾಲಿಗೆ ಅಂಟಿಯೋ, ಮನುಷ್ಯರ ಕೈಯಿಂದಲೋ ಬಂದಿರಬೇಕು. ಈ ಜಗಳ ಬಗೆಹರಿದಿಲ್ಲ. ನನಗೆ ಇದರಲ್ಲಿ ಇಷ್ಟವಾಗುವುದು ಒಂದೇ. ಇಷ್ಟು ಚಿಕ್ಕ ಗುಂಪು ಕೆಲವು ನೂರು ವರ್ಷ ಬದುಕಿ ಬಂದಿದ್ದರೂ ಅದು ಸಣ್ಣ ಮಾತಲ್ಲ.

ನೀರಿನ ಜಗಳ ಅಂದಿರಲ್ಲ, ಏನದು?

1962ರಲ್ಲಿ ನೀರಿನ ಮಟ್ಟ ಅಳೆಯಲು ಹೊಂಡದ ಗೋಡೆಗೆ ತಾಮ್ರದ ಒಂದು ಬಿಲ್ಲೆ ಹೊಡೆದರು. ನಟ್ಟಿನ ಕೆಳಗೆ ಹಾಕುವ ವಾಷರ್, ಅಷ್ಟೇ. ನೀರು ಈ ಬಿಲ್ಲೆಗಿಂತ ಎಷ್ಟು ಕೆಳಗಿದೆ ಅಂತ ಬರೆದಿಡುತ್ತಿದ್ದರು. 1968ರವರೆಗೆ ಲೆಕ್ಕ ಹೆಚ್ಚು ಕಡಿಮೆ ಒಂದೇ: 1.2 ಅಡಿ.

ಆ ವರ್ಷ ಎರಡೂವರೆ ಮೈಲಿ ದೂರದಲ್ಲಿ ಕ್ಯಾಪರ್ಟ್ ಕುಟುಂಬದ ಜಮೀನಿನಲ್ಲಿ ಕೊಳವೆ ಬಾವಿಗಳ ಪಂಪು ಓಡಲು ಶುರುವಾಯಿತು. 12,000 ಎಕರೆಯ ದೊಡ್ಡ ಜಮೀನು. ದನಕ್ಕೆ ಮೇವು ಬೆಳೆಯಬೇಕಿತ್ತು. ನೀರು ನೆಲದಡಿ ಒಂದೇ ಪಾತ್ರೆಯಲ್ಲಿತ್ತು. 1969ರಲ್ಲಿ ಬಿಲ್ಲೆಯಿಂದ 2.3 ಅಡಿ ಕೆಳಗೆ. 1970ರಲ್ಲಿ 3.17. 1971ರಲ್ಲಿ 3.48. 1972ರಲ್ಲಿ 3.93.

ಅಂಕಿ ನೋಡಿದರೆ ಮೂರು ಅಡಿ ಏನು ಮಹಾ ಅನಿಸುತ್ತದೆ. ನೂರಾರು ಅಡಿ ಆಳದ ಹೊಂಡ ತಾನೇ? ಈಗ ಜಗಲಿಯನ್ನು ನೆನಪಿಸಿಕೊಳ್ಳಿ. 3 ಅಡಿಗಿಂತ ಕೆಳಗೆ ಹೋದರೆ ಜಗಲಿ ಒಣಗಲು ಶುರು. ಹೊಂಡದ ತುಂಬ ನೀರು ಇದ್ದೂ ಮೀನಿಗೆ ಊಟವೂ ಇಲ್ಲ, ಮೊಟ್ಟೆ ಇಡಲು ಜಾಗವೂ ಇಲ್ಲ. ಅವಸರದಲ್ಲಿ ಹೊಂಡದೊಳಗೆ ಕೃತಕ ಜಗಲಿಯೊಂದನ್ನು ಇಳಿಬಿಟ್ಟು, ಮೇಲೆ ದೀಪ ಉರಿಸಿ ಪಾಚಿ ಬೆಳೆಸಲು ನೋಡಿದರು.

1971ರಲ್ಲಿ ಕೇಂದ್ರ ಸರ್ಕಾರ ಪಂಪು ನಿಲ್ಲಿಸಿ ಎಂದು ಕೋರ್ಟಿಗೆ ಹೋಯಿತು. ಜಮೀನಿನವರ ವಾದವೂ ಪೊಳ್ಳಲ್ಲ: ನಮ್ಮ ನೆಲದಲ್ಲಿ ನಾವು ತೋಡಿದ ಬಾವಿ, ರಾಜ್ಯದ ಕಾನೂನು ನಮಗೆ ಹಕ್ಕು ಕೊಡುತ್ತದೆ.

ಸುಪ್ರೀಂ ಕೋರ್ಟ್ ಏನು ಹೇಳಿತು?

1976ರ ಜೂನ್ 7ರಂದು ತೀರ್ಪು ಬಂತು. ಎಲ್ಲ ನ್ಯಾಯಮೂರ್ತಿಗಳೂ ಒಮ್ಮತ. ಬರೆದವರು ಮುಖ್ಯ ನ್ಯಾಯಮೂರ್ತಿ ವಾರೆನ್ ಬರ್ಗರ್. ತಿರುಳು ಇಷ್ಟು: 1952ರಲ್ಲಿ ಸರ್ಕಾರ ಈ ಹೊಂಡವನ್ನು ಕಾಪಾಡಲೆಂದು ಜಾಗ ಕಾದಿರಿಸಿತು. ಜಾಗ ಕಾದಿರಿಸಿದಾಗಲೇ ಅದಕ್ಕೆ ಬೇಕಾದ ನೀರನ್ನೂ ಕಾದಿರಿಸಿದ ಹಾಗೆ. ಜಮೀನಿನವರ ಹಕ್ಕು ಹುಟ್ಟಿದ್ದು ಅದರ ನಂತರ. ನೆಲದ ಮೇಲಿನ ನೀರು, ನೆಲದಡಿಯ ನೀರು ಅನ್ನುವ ಭೇದ ಹಿಡಿದು ತಪ್ಪಿಸಿಕೊಳ್ಳುವ ಹಾಗಿಲ್ಲ.

ಗಮನಿಸಿ, ಮೀನಿಗೆ ಹೊಂಡ ತುಂಬಾ ನೀರು ಕೊಡಿ ಅಂತ ಕೋರ್ಟ್ ಹೇಳಲಿಲ್ಲ. ಬದುಕಲು ಬೇಕಾದಷ್ಟು ಅಂದಿತು. ಕೊನೆಗೆ ಕೆಳಗಿನ ಕೋರ್ಟ್ ಬಿಲ್ಲೆಯಿಂದ 2.7 ಅಡಿ ಎಂದು ಗೆರೆ ಎಳೆಯಿತು. ನೀರು ಅದಕ್ಕಿಂತ ಕೆಳಗೆ ಹೋಗಬಾರದು. ಒಂದು ತಾಮ್ರದ ವಾಷರ್‌ನಿಂದ ಅಳೆದು ಒಂದು ಜಾತಿಯ ಅಳಿವು ಉಳಿವು ಬರೆದಿಟ್ಟದ್ದು ಇನ್ನೆಲ್ಲಾದರೂ ಇದೆಯೋ ಇಲ್ಲವೋ.

ಅಲ್ಲಿನ ಜನ ಮೀನಿನ ಪರ ಇದ್ದರಾ?

ಕೆಲವರು. ಆಗ ಕಾರುಗಳ ಹಿಂದೆ ಎರಡು ತರದ ಸ್ಟಿಕ್ಕರ್ ಓಡಾಡುತ್ತಿದ್ದವು. ಒಂದು, ಪಪ್‌ಫಿಶ್ ಉಳಿಸಿ. ಇನ್ನೊಂದು, ಪಪ್‌ಫಿಶ್ ಕೊಲ್ಲಿ. ಒಂದು ಪತ್ರಿಕೆಯ ಸಂಪಾದಕರಂತೂ ಹೊಂಡಕ್ಕೆ ಮೀನು ವಿಷ ಸುರಿಯುವ ಮಾತಾಡಿದರು. ದೂರದಲ್ಲಿ ಕೂತು ಅವರನ್ನು ಬೈಯುವುದು ಸುಲಭ. ಪಂಪು ನಿಂತರೆ ಕೆಲಸ ಹೋಗುವವರಿಗೆ ಒಂದಿಂಚಿನ ಮೀನು ಶತ್ರುವಿನ ಹಾಗೆ ಕಂಡಿದ್ದರೆ ಅಚ್ಚರಿ ಇಲ್ಲ.

ಜಮೀನಿನ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಆಮೇಲೆ ಅದನ್ನು ಕೊಂಡ ಕಂಪನಿ ಸಾವಿರಾರು ಮನೆಗಳ ಬಡಾವಣೆ ಕಟ್ಟಲು ಹೊರಟಿತು. ಕೊನೆಗೆ ನೇಚರ್ ಕನ್ಸರ್ವೆನ್ಸಿ ಸಂಸ್ಥೆ ಆ ಜಾಗ ಕೊಂಡು ಸರ್ಕಾರಕ್ಕೆ ದಾಟಿಸಿತು. 1984ರಲ್ಲಿ ಆಶ್ ಮೆಡೋಸ್ ವನ್ಯಜೀವಿ ಧಾಮ ಆಯಿತು.

ಸುತ್ತಮುತ್ತ ಇಂಥ ಬೇರೆ ಮೀನುಗಳಿಲ್ಲವೇ?

ಇವೆ, ಇದ್ದವು. ಪ್ರತಿ ಊಟೆಗೂ ಅದರದೇ ಮೀನು ಇರುವ ಪ್ರದೇಶ ಇದು. ಕ್ಯಾಲಿಫೋರ್ನಿಯಾದ ಟೆಕೋಪಾ ಬಿಸಿನೀರ ಊಟೆಗಳಲ್ಲಿದ್ದ ಪಪ್‌ಫಿಶ್ ಸ್ನಾನದ ಕೊಳ ಕಟ್ಟುವ ಗದ್ದಲದಲ್ಲಿ ಹೋಯಿತು. ಅಳಿದುಹೋಯಿತು ಎಂಬ ಕಾರಣಕ್ಕೆ ಅಮೆರಿಕದ ಅಳಿವಿನಂಚಿನ ಜೀವಿಗಳ ಪಟ್ಟಿಯಿಂದ ಹೆಸರು ಹೊಡೆಸಿಕೊಂಡ ಮೊದಲ ಪ್ರಾಣಿ ಅದೇ. ಆಶ್ ಮೆಡೋಸ್‌ನಲ್ಲೇ ಇದ್ದ ಪೂಲ್‌ಫಿಶ್ ಎಂಬ ಇನ್ನೊಂದು ಜಾತಿ ಅದಕ್ಕೂ ಮೊದಲೇ ಕಾಣೆ.

ಓವೆನ್ಸ್ ಕಣಿವೆಯ ಪಪ್‌ಫಿಶ್ ಮಾತ್ರ ಕೂದಲೆಳೆಯಲ್ಲಿ ಪಾರಾಯಿತು. 1969ರ ಆಗಸ್ಟ್‌ನಲ್ಲಿ ಅದರ ಕೊನೆಯ ಹೊಂಡ ಒಣಗುತ್ತಿತ್ತು. ಫಿಲ್ ಪಿಸ್ಟರ್ ಎಂಬ ಜೀವಶಾಸ್ತ್ರಜ್ಞ ಉಳಿದ ಮೀನುಗಳನ್ನೆಲ್ಲ ಎರಡು ಬಕೆಟ್‌ಗೆ ತುಂಬಿ, ಎರಡೂ ಕೈಯಲ್ಲಿ ಹಿಡಿದು ನಡೆದರು. ಎಡವಿ ಬಿದ್ದಿದ್ದರೆ ಒಂದು ಜಾತಿ ಅಲ್ಲೇ ಮುಗಿಯುತ್ತಿತ್ತು. ಅವರು ಎಡವಲಿಲ್ಲ.

ಕೋರ್ಟಿನಲ್ಲಿ ಗೆದ್ದ ಮೇಲೂ ಸಂಖ್ಯೆ ಕುಸಿದದ್ದು ಯಾಕೆ?

ಇದೇ ಎಲ್ಲರನ್ನೂ ಕಾಡಿದ ಪ್ರಶ್ನೆ. ನೀರು ಏರಿತು, ಮೀನೂ ಹೆಚ್ಚಿತು. ಹಲವು ವರ್ಷ ಶರತ್ಕಾಲದಲ್ಲಿ 400, 500 ಎಣಿಸಿದ್ದುಂಟು. 1990ರ ದಶಕದ ನಡುವಿನಿಂದ ಸಂಖ್ಯೆ ಜಾರತೊಡಗಿತು. ನೀರಿನ ಮಟ್ಟ ಸರಿಯಾಗಿಯೇ ಇತ್ತು. ಒಂದೇ ಕಾರಣ ಅಂತ ಬೆರಳು ತೋರಿಸಲು ಆಗಿಲ್ಲ. ಜಗಲಿಯ ಮೇಲಿನ ಪಾಚಿಯ ಬಗೆ ಬದಲಾಗಿತ್ತು. ಹವೆ ಬಿಸಿಯಾದಂತೆ ಜಗಲಿಯ ತೆಳು ನೀರೂ ಬಿಸಿಯಾಗಿ, ಮೊಟ್ಟೆ ಒಡೆಯಲು ಅನುಕೂಲವಾದ ದಿನಗಳು ಕಡಿಮೆಯಾಗುತ್ತಿದ್ದವು. ಒಳಸಂಬಂಧದ ತೊಂದರೆ ಬೇರೆ.

ಮೇಲೆ ಒಂದು ಅವಘಡ. 2004ರ ಸೆಪ್ಟೆಂಬರ್‌ನಲ್ಲಿ ಅಧ್ಯಯನಕ್ಕೆಂದು ತಂದ ಮೀನು ಹಿಡಿಯುವ ಬೋನುಗಳನ್ನು ಹೊಂಡದ ಪಕ್ಕ ಇಟ್ಟಿದ್ದರು. ದಿಢೀರ್ ಮಳೆಯ ಪ್ರವಾಹ ಬಂದು ಅವನ್ನು ನೀರಿಗೆ ತಳ್ಳಿತು. ಒಳಗೆ ಸಿಕ್ಕಿ ಸುಮಾರು 80 ಮೀನು ಸತ್ತವು. ಉಳಿಸಲು ಬಂದವರ ಸಾಮಾನಿನಿಂದಲೇ. 2006ರ ವಸಂತದಲ್ಲಿ ಎಣಿಸಿದಾಗ 38. 2013ರ ವಸಂತದಲ್ಲಿ 35. ಈವರೆಗಿನ ಅತಿ ಕಡಿಮೆ ಎಣಿಕೆ ಅದು.

ಎಣಿಸುವುದು ಹೇಗೆ? ಎರಡು ಸಲ ಎಣಿಸಿಬಿಡುವುದಿಲ್ಲವೇ?

ವರ್ಷಕ್ಕೆ ಎರಡು ಬಾರಿ, ವಸಂತ ಮತ್ತು ಶರತ್ಕಾಲದಲ್ಲಿ. ಮುಳುಗುಗಾರರು ಸುಮಾರು 100 ಅಡಿ ಇಳಿದು, ಅಲ್ಲಿಂದ ನಿಧಾನವಾಗಿ ಮೇಲೇರುತ್ತಾ ಟಾರ್ಚ್ ಬೆಳಕಿನಲ್ಲಿ ಕಂಡ ಮೀನು ಬರೆದುಕೊಳ್ಳುತ್ತಾರೆ. ಜಗಲಿಯ ಮೇಲಿನವನ್ನು ದಡದಲ್ಲಿ ಇನ್ನೊಂದು ತಂಡ ಎಣಿಸುತ್ತದೆ. ಒಂದಿಂಚಿನ ಮೀನು ಬಂಡೆಯ ಸಂದಿಗೆ ನುಸುಳಿದರೆ ಲೆಕ್ಕ ತಪ್ಪುತ್ತದೆ. ಅದಕ್ಕೇ ಒಂದೇ ಸಲಕ್ಕೆ ಬಿಡದೆ ಮತ್ತೆ ಮುಳುಗಿ ತಾಳೆ ನೋಡುತ್ತಾರೆ. 1970ರ ದಶಕದಿಂದಲೂ ನಡೆದು ಬಂದ ರೂಢಿ ಇದು. ಹೋಲಿಸಲು ಇಷ್ಟು ಉದ್ದದ ಲೆಕ್ಕಪುಸ್ತಕ ಇರುವ ಕಾಡುಮೀನು ಅಪರೂಪ.

ಮೆಕ್ಸಿಕೊದಲ್ಲಿ ಭೂಕಂಪ ಆದರೆ ಇಲ್ಲಿ ಅಲೆ ಏಳುತ್ತದಂತೆ, ನಿಜವೇ?

ನಿಜ. ಆಳದ ನೀರು ತುಂಬಿದ ಈ ಬಿರುಕು ಭೂಮಿಯ ನಾಡಿ ಹಿಡಿದ ಹಾಗಿದೆ. ಚಂದ್ರ ಸೂರ್ಯರ ಸೆಳೆತಕ್ಕೆ ಭೂಮಿಯ ಕಲ್ಲು ಹಿಗ್ಗಿ ಕುಗ್ಗುವುದರಿಂದ ದಿನವೂ ಇಲ್ಲಿ ನೀರು ಸ್ವಲ್ಪ ಏರಿಳಿಯುತ್ತದೆ. 2022ರ ಸೆಪ್ಟೆಂಬರ್ 19ರಂದು ಮೆಕ್ಸಿಕೊದಲ್ಲಿ ದೊಡ್ಡ ಭೂಕಂಪವಾಯಿತು. ದೂರ ಸುಮಾರು 1,500 ಮೈಲಿ. 22 ನಿಮಿಷಕ್ಕೆ ಹೊಂಡ ತೊಟ್ಟಿಲ ಹಾಗೆ ತೂಗತೊಡಗಿತು. ನಾಲ್ಕು ಅಡಿ ಎತ್ತರದ ಅಲೆ ಎದ್ದಿತು.

ಅಲೆ ಹೊಡೆದರೆ ಏಟು ಬೀಳುವುದು ಜಗಲಿಗೆ. ಹೂಳು, ಪಾಚಿ, ಮೊಟ್ಟೆ ಎಲ್ಲ ಗುಡಿಸಿ ಆಳಕ್ಕೆ ಹೋಗುತ್ತದೆ. 2024ರ ವಸಂತದಲ್ಲಿ 191 ಮೀನು ಎಣಿಸಿದ್ದರು, 25 ವರ್ಷದಲ್ಲೇ ಹೆಚ್ಚು. ಅದರ ಹಿಂದಿನ ವರ್ಷ ಹಿಲರಿ ಚಂಡಮಾರುತದ ಮಳೆ ಗುಡ್ಡದ ಮಣ್ಣು ತಂದು ಸುರಿದು ನೀರಿಗೆ ಸತ್ವ ಕೊಟ್ಟಿತ್ತು. ಎಲ್ಲರೂ ಉಸಿರು ಬಿಟ್ಟರು. 2024ರ ಡಿಸೆಂಬರ್‌ನಲ್ಲಿ ಒಂದು ಭೂಕಂಪ, 2025ರ ಫೆಬ್ರವರಿಯಲ್ಲಿ ಇನ್ನೊಂದು. ಜಗಲಿ ತೊಳೆದು ಹೋಯಿತು. ವಸಂತಕ್ಕೆ 38. ನಡುಚಳಿಗಾಲದಲ್ಲಿ ಬಿಸಿಲೂ ಇಲ್ಲದಿದ್ದರಿಂದ ಪಾಚಿ ಬೇಗ ಚಿಗುರಲೂ ಇಲ್ಲ. ಆಗ ಸಾಕಿದ 19 ಮೀನುಗಳನ್ನು ಹೊಂಡಕ್ಕೆ ಬಿಟ್ಟರು, ಆಹಾರ ಹಾಕುವುದನ್ನೂ ಹೆಚ್ಚಿಸಿದರು.

ಸಾಕಿದ ಮೀನು ಎಲ್ಲಿಂದ ಬಂತು? ಬೇರೆ ಕಡೆ ಇಲ್ಲವೇ ಇಲ್ಲ ಅಂದಿರಲ್ಲ?

ಸಹಜವಾಗಿ ಇಲ್ಲ. ಆದರೆ ಒಂದು ನಕಲಿ ಡೆವಿಲ್ಸ್ ಹೋಲ್ ಇದೆ. ನಿಜದ ಹೊಂಡಕ್ಕೆ ಹತ್ತಿರದಲ್ಲೇ, ಆಶ್ ಮೆಡೋಸ್‌ನಲ್ಲಿ, ಸುಮಾರು ಒಂದು ಲಕ್ಷ ಗ್ಯಾಲನ್ ನೀರಿನ ತೊಟ್ಟಿ ಕಟ್ಟಿದ್ದಾರೆ. ಖರ್ಚು ಸುಮಾರು 45 ಲಕ್ಷ ಡಾಲರ್. ಹೊಂಡದ ಮೇಲಿನ 22 ಅಡಿಯ ಪಡಿಯಚ್ಚು ಅದು. ಜಗಲಿಯೂ ಇದೆ, ಬಂಡೆಯ ಉಬ್ಬುತಗ್ಗೂ ಇದೆ. ನೀರನ್ನು ಮಾತ್ರ ಒಂದೆರಡು ಡಿಗ್ರಿ ತಂಪಾಗಿ, ಆಮ್ಲಜನಕ ಸ್ವಲ್ಪ ಹೆಚ್ಚಾಗಿ ಇಟ್ಟಿದ್ದಾರೆ. ದೊಡ್ಡ ಮೀನು ಹಿಡಿದು ತರುವ ಧೈರ್ಯ ಇರಲಿಲ್ಲ. 2013ರಿಂದ, ಹೇಗೂ ಮರಿಯಾಗುವ ಸಂಭವ ಕಡಿಮೆ ಇರುವ ಚಳಿಗಾಲದ ಮೊಟ್ಟೆಗಳನ್ನು ತಂದು ಇಲ್ಲಿ ಮರಿ ಮಾಡಿಸಿದರು.

ಹೊಂಡದ ಇತರ ಜೀವಿಗಳನ್ನೂ ತೊಟ್ಟಿಗೆ ತಂದಿದ್ದರು, ಸಂಸಾರ ಪೂರ್ತಿ ಇರಲಿ ಅಂತ. ಅವುಗಳಲ್ಲಿ ಎಳ್ಳಿನ ಕಾಳಿನಷ್ಟು ಚಿಕ್ಕ ಒಂದು ನೀರು ಜೀರುಂಡೆ. ಹೊಂಡದಲ್ಲಿ ತನ್ನ ಪಾಡಿಗೆ ಇದ್ದದ್ದು ತೊಟ್ಟಿಯಲ್ಲಿ ಮಿತಿಮೀರಿ ಬೆಳೆದು ಮೀನಿನ ಮೊಟ್ಟೆ ಮರಿ ತಿನ್ನತೊಡಗಿತು. ಈಗ ಜೀರುಂಡೆ ಹಿಡಿಯುವುದೂ ಅಲ್ಲಿನವರ ದಿನಚರಿಯ ಒಂದು ಭಾಗ.

ಮೊದಲೂ ಬೇರೆ ಕಡೆ ಸಾಕಿದ್ದರಂತೆ. ಅವು ಏನಾದವು?

1972ರಲ್ಲಿ ಹೂವರ್ ಅಣೆಕಟ್ಟಿನ ಕೆಳಗೆ ಕಾಂಕ್ರೀಟ್ ತೊಟ್ಟಿ ಕಟ್ಟಿ ಬಿಟ್ಟರು. ಬದುಕಿದವು. ಆದರೆ ಮೈ ದೊಡ್ಡದಾಗಿ, ಆಕಾರವೇ ಬದಲಾಯಿತು. ತಂಪು ನೀರು, ಒಳ್ಳೆ ಊಟ ಸಿಕ್ಕರೆ ಹೀಗೇ. ಅವನ್ನು ಅದೇ ಮೀನು ಅನ್ನಬೇಕೋ ಬೇಡವೋ ಅಂತ ಚರ್ಚೆ. ಆಶ್ ಮೆಡೋಸ್‌ನ ಇನ್ನೊಂದು ತೊಟ್ಟಿಗೆ ಪಕ್ಕದ ಊಟೆಯ ಬಂಧು ಜಾತಿಯ ಮೀನು ಹೇಗೋ ನುಸುಳಿ ಬೆರಕೆಯಾಯಿತು. ಇಂಥ ತೊಟ್ಟಿಗಳು ಒಂದಾದ ಮೇಲೊಂದು ಕೈಬಿಟ್ಟವು. ಅದಕ್ಕೇ ಈ ಸಲ ಬಂಡೆಯ ಉಬ್ಬುತಗ್ಗನ್ನೂ ಬಿಡದೆ ನಕಲು ಮಾಡಿದ್ದು.

ಒಳಗೊಳಗೇ ಸಂಬಂಧ ಆದರೆ ತೊಂದರೆ ಇಲ್ಲವೇ?

ಇದೆ. 2022ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳ ಅಧ್ಯಯನದ ಪ್ರಕಾರ ಈ ಮೀನುಗಳ ಜೀನೋಮ್, ಅಂದರೆ ಜೀನ್‌ಗಳ ಪೂರ್ತಿ ಕಟ್ಟು, ಸರಾಸರಿ 58 ಶೇಕಡಾ ಒಂದೇ ತರ. ಒಡಹುಟ್ಟಿದವು ಹಲವು ತಲೆಮಾರು ಕೂಡಿದರೆ ಆಗುವ ಮಟ್ಟ. 1980ರಲ್ಲಿ ಹಿಡಿದಿಟ್ಟ ಹಳೆಯ ಮೀನೂ ಹಾಗೇ ಇತ್ತು, ಅಂದರೆ ಇದು ನಿನ್ನೆ ಮೊನ್ನೆಯ ತೊಂದರೆ ಅಲ್ಲ. ಇವು ಕಳೆದುಕೊಂಡ ಜೀನ್‌ಗಳಲ್ಲಿ ಕೆಲವು ಆಮ್ಲಜನಕ ಕಡಿಮೆ ಇರುವಲ್ಲಿ ಬದುಕಲು ಬೇಕಾದವೇ. ಇದ್ದ ಜಾಗಕ್ಕೆ ಯಾವುದು ಬೇಕೋ ಅದೇ ಇಲ್ಲ. ಆದರೂ ಇವೆ.

2016ರಲ್ಲಿ ಯಾರೋ ಕುಡಿದು ಒಳಗೆ ನುಗ್ಗಿದ್ದರಂತೆ?

ಏಪ್ರಿಲ್ 30ರ ರಾತ್ರಿ. ಮೂವರು. ಬೇಲಿ ಹಾರಿದರು, ಬಂದೂಕಿನಿಂದ ಗೇಟು, ಉಪಕರಣಗಳಿಗೆ ಹೊಡೆದರು. ಒಬ್ಬ ನೀರಿಗಿಳಿದು ಜಗಲಿಯ ಮೇಲೆ ಓಡಾಡಿದ, ಅದೂ ಮೀನು ಮೊಟ್ಟೆ ಇಡುವ ಕಾಲದಲ್ಲಿ. ಬಿಯರ್ ಕ್ಯಾನು, ವಾಂತಿ, ಒಂದು ಒಳಚಡ್ಡಿ ಬಿಟ್ಟು ಹೋದರು. ಮಾರನೆಯ ದಿನ ಒಂದು ಮೀನು ಸತ್ತು ತೇಲುತ್ತಿತ್ತು. ಎಲ್ಲವೂ ಕ್ಯಾಮೆರಾದಲ್ಲಿ ಸಿಕ್ಕಿತ್ತು. ನೀರಿಗಿಳಿದವನಿಗೆ ಒಂದು ವರ್ಷ ಒಂದು ದಿನ ಜೈಲು.

ಈಗ ನೀರಿಗೆ ಅಪಾಯ ತಪ್ಪಿದೆಯೇ?

ಹಾಗೆ ಹೇಳಲು ಬರುವುದಿಲ್ಲ. ತೀರ್ಪು ಇದೆ, ಬಿಲ್ಲೆ ಇದೆ. ಆದರೆ ಸುತ್ತಲಿನ ಕಣಿವೆಗಳಲ್ಲಿ ನೆಲದಡಿಯ ನೀರು ಎತ್ತುವುದು ನಿಂತಿಲ್ಲ. 2023ರಲ್ಲಿ ಆಶ್ ಮೆಡೋಸ್‌ನ ಅಂಚಿನಲ್ಲೇ ಲಿಥಿಯಂ ಹುಡುಕಲು ನೆಲ ಕೊರೆಯುವ ಯೋಜನೆಗೆ ಒಪ್ಪಿಗೆ ಸಿಕ್ಕಿತ್ತು. ಪರಿಸರದವರು ಕೋರ್ಟಿಗೆ ಹೋದ ಮೇಲೆ ಒಪ್ಪಿಗೆ ವಾಪಸ್ ಪಡೆದರು.

ಒಂದಿಂಚಿನ ಮೀನಿಗೆ ಇಷ್ಟೆಲ್ಲ ಯಾಕೆ?

ಮನುಷ್ಯರಿಗೆ ಇದರಿಂದ ಏನು ಉಪಯೋಗ ಅಂತ ಕೇಳುವವರಿಗೆ ಕೊಡಲು ಒಂದು ಉತ್ತರ ಇದೆ: ಬಿಸಿ, ಉಸಿರುಗಟ್ಟುವ ನೀರಿನಲ್ಲಿ ಜೀವ ಹೇಗೆ ಹೊಂದಿಕೊಳ್ಳುತ್ತದೆ ಅಂತ ಕಲಿಯಬಹುದು. ಅದು ನಿಜ. ನನಗೆ ಮಾತ್ರ ಆ ಉತ್ತರ ಅಷ್ಟು ಒಗ್ಗುವುದಿಲ್ಲ. ಈ ಮೀನಿಗೋಸ್ಕರ ನಿಂತ ಪಂಪಿನಿಂದ ಆಶ್ ಮೆಡೋಸ್‌ನ ಊಟೆಗಳೂ, ಅವುಗಳಲ್ಲಿ ಮಾತ್ರ ಬದುಕುವ ಇಪ್ಪತ್ತಕ್ಕೂ ಹೆಚ್ಚು ಬಗೆಯ ಗಿಡ, ಬಸವನಹುಳು, ಮೀನುಗಳೂ ಉಳಿದವು. ಅವಕ್ಕೆ ಯಾರೂ ಸ್ಟಿಕ್ಕರ್ ಮಾಡಿಸಿರಲಿಲ್ಲ.

ಹೋಗಿ ನೋಡಬಹುದೇ?

ಹೊಂಡದ ಹತ್ತಿರ ಹೋಗಬಹುದು, ನೀರಿನ ಹತ್ತಿರ ಆಗುವುದಿಲ್ಲ. ಎತ್ತರದ ಬೇಲಿ, ಕ್ಯಾಮೆರಾ ಇವೆ. ಮೇಲಿನ ಅಟ್ಟಣೆಯಿಂದ ಬಗ್ಗಿ ನೋಡಿದರೆ ಸೀಳಿನ ಬುಡದಲ್ಲಿ ಕಪ್ಪು ನೀರು, ಅಳತೆಯ ಉಪಕರಣ ಕಾಣುತ್ತವೆ. ಮೀನು ಕಾಣುವುದಿಲ್ಲ. ಬೈನಾಕ್ಯುಲರ್ ಒಯ್ದರೂ ಅದೃಷ್ಟ ಬೇಕು.

ಪಪ್‌ಫಿಶ್ ನೋಡಲೇಬೇಕು ಅಂದರೆ ಆಶ್ ಮೆಡೋಸ್‌ನ ಪಾಯಿಂಟ್ ಆಫ್ ರಾಕ್ಸ್‌ಗೆ ಹೋಗಿ. ಮರದ ಹಲಗೆಯ ದಾರಿ ಕಿಂಗ್ಸ್ ಪೂಲ್‌ವರೆಗೆ ಕರೆದೊಯ್ಯುತ್ತದೆ. ತಿಳಿನೀರು. ಅಲ್ಲಿರುವುದು ಬಂಧು ಜಾತಿ, ಆಶ್ ಮೆಡೋಸ್ ಅಮರ್ಗೋಸಾ ಪಪ್‌ಫಿಶ್. ವಸಂತದಲ್ಲಿ, ಬೇಸಿಗೆಯ ಆರಂಭದಲ್ಲಿ ಗಂಡುಗಳು ನೀಲಿ ಮಿಂಚುತ್ತಾ ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತವೆ. ಸ್ವಲ್ಪ ಹೊತ್ತು ಅಲುಗಾಡದೆ ನಿಲ್ಲಿ. ನಿಮ್ಮ ನೆರಳು ನೀರಿನ ಮೇಲೆ ಬೀಳದಂತೆ ನೋಡಿಕೊಳ್ಳಿ, ಇಲ್ಲವಾದರೆ ಎಲ್ಲ ಒಟ್ಟಿಗೆ ತಳಕ್ಕೆ ಇಳಿದುಬಿಡುತ್ತವೆ.